ದೇವಸ್ಥಾನದ ಆಡಳಿತ ಮಂಡಳಿ ಚುನಾವಣೆ: ಮೊದಲು ಸದಸ್ಯರ ಪುಸ್ತಕ ತೆರೆಸಿ

ಪ್ರಶ್ನೆ: ಬೆಂಗಳೂರಿನ ನಮ್ಮ ಬಡಾವಣೆಯಲ್ಲಿ 1986ರಲ್ಲಿ ನಿವಾಸಿಗಳೇ ಚಂದಾ ಎತ್ತಿ ಕಟ್ಟಿಸಿದ ಗಣಪತಿ ದೇವಸ್ಥಾನವಿದೆ. ಸೇವಾ ಸಮಿತಿಯ ಹೆಸರಿನಲ್ಲಿ ಸಂಘವಾಗಿ ನೋಂದಣಿಯಾಗಿದೆ. ಮೂರು ವರ್ಷಕ್ಕೊಮ್ಮೆ ಸದಸ್ಯರು ಮತ ಹಾಕಿ ಹನ್ನೊಂದು ಧರ್ಮದರ್ಶಿಗಳನ್ನು ಆರಿಸಬೇಕು. ಒಂಬತ್ತು ವರ್ಷದಿಂದ ಚುನಾವಣೆಯೇ ಆಗಿಲ್ಲ. ಈಗ ಇದ್ದಕ್ಕಿದ್ದಂತೆ ಪ್ರಕಟಣೆ ಅಂಟಿಸಿದ್ದಾರೆ, ಮತದಾನಕ್ಕೆ ಹದಿನೆಂಟು ದಿನ ಉಳಿದಿದೆ. ಮತದಾರರ ಪಟ್ಟಿಯಲ್ಲಿ ಕಳೆದ ಎರಡು ತಿಂಗಳಲ್ಲಿ ಸೇರಿಸಿದ 140 ಹೊಸ ಹೆಸರುಗಳಿವೆ. 267 ಹಳೆಯ ಸದಸ್ಯರಲ್ಲಿ 62 ಜನರ ಹೆಸರನ್ನು ‘ಚಂದಾ ಬಾಕಿ’ ಎಂದು ತೆಗೆದುಹಾಕಿದ್ದಾರೆ. ಸ್ಥಾಪಕ ಸದಸ್ಯರಾದ ನಮ್ಮ ತಂದೆಯವರ ಹೆಸರೂ ಹೋಗಿದೆ. ಕೆಲವರು ರಿಜಿಸ್ಟ್ರಾರ್ ಬಳಿ ಹೋಗಿ ಅನ್ನುತ್ತಾರೆ, ಕೆಲವರು ಕೋರ್ಟಿನಿಂದ ಸ್ಟೇ ತನ್ನಿ ಅನ್ನುತ್ತಾರೆ, ಇನ್ನು ಕೆಲವರು ಮುಜರಾಯಿಗೇ ಒಪ್ಪಿಸಿಬಿಡಿ ಅನ್ನುತ್ತಾರೆ. ನಾವು ಏನು ಮಾಡಬೇಕು?

ಉತ್ತರ: ನೀವು ಕಳಿಸಿದ ಪ್ರಕಟಣೆಯ ಫೋಟೋ ಮತ್ತು ಪಟ್ಟಿಯ ಪುಟಗಳನ್ನು ನೋಡಿದೆ. ಹದಿನೆಂಟು ದಿನದಲ್ಲಿ ಮಾಡಬೇಕಾದ ಕೆಲಸ ಮಾಡಿ ಮುಗಿಸಬಹುದು. ಆದರೆ ಮೊದಲ ಮೂರು ನಾಲ್ಕು ದಿನ ದಾಖಲೆ ಸಂಗ್ರಹಕ್ಕೇ ಬೇಕು, ಅದನ್ನು ಸಭೆ ಕರೆಯುವುದರಲ್ಲಿ, ವಾಟ್ಸಾಪ್ ಗುಂಪಿನಲ್ಲಿ ಬೈದಾಡುವುದರಲ್ಲಿ ಕಳೆದುಕೊಳ್ಳಬೇಡಿ. ಇಪ್ಪತ್ತೈದು ವರ್ಷದಿಂದ ದೇವಸ್ಥಾನಗಳ ದಾವೆ ನಡೆಸುತ್ತಿದ್ದೇನೆ. ಚುನಾವಣೆಯ ವ್ಯಾಜ್ಯಗಳಲ್ಲಿ ಗೆಲುವು ಸೋಲು ತೀರ್ಮಾನವಾಗುವುದು ಸದಸ್ಯರ ಪುಸ್ತಕದಲ್ಲಿ. ಯಾರು ಮತ ಹಾಕಬಹುದು ಎಂಬುದನ್ನು ಮತದಾನಕ್ಕೆ ಮುಂಚೆ ಹಿಡಿದವರಿಗೆ ದಾರಿ ಸಿಗುತ್ತದೆ. ಎಣಿಕೆ ಮುಗಿದ ಮೇಲೆ ‘ಅನ್ಯಾಯವಾಯಿತು’ ಎಂದು ಬಂದವರ ಕಾಗದಗಳು ಎಂಟು ಹತ್ತು ವರ್ಷ ನ್ಯಾಯಾಲಯದಲ್ಲೇ ಉಳಿದದ್ದನ್ನು ನೋಡಿದ್ದೇನೆ.

ಹಾಗಾಗಿ ಮೊದಲ ಪ್ರಶ್ನೆ: ನಿಮ್ಮ ದೇವಸ್ಥಾನ ಕಾನೂನಿನ ಕಣ್ಣಿಗೆ ಯಾವ ಜಾತಿಯ ಸಂಸ್ಥೆ? ನೀವು ಧರ್ಮದರ್ಶಿ ಅನ್ನುತ್ತೀರಿ. ಕರಾವಳಿಯಲ್ಲಿ ಇದೇ ಸ್ಥಾನಕ್ಕೆ ಮೊಕ್ತೇಸರರು ಅನ್ನುತ್ತಾರೆ, ಉತ್ತರ ಕರ್ನಾಟಕದ ಊರುಗಳಲ್ಲಿ ಪಂಚರು, ಪೇಟೆಗಳಲ್ಲಿ ಟ್ರಸ್ಟಿಗಳು. ಹೆಸರು ಯಾವುದೇ ಇರಲಿ, ಅವರನ್ನು ಆರಿಸುವ ಹಕ್ಕು ಹುಟ್ಟುವುದು ಒಂದು ಕಾಗದದಿಂದ. ಟ್ರಸ್ಟ್ ಡೀಡ್ ಮೇಲೆ ನಿಂತ ದೇವಸ್ಥಾನವಾದರೆ ಅಲ್ಲಿ ಸಾಮಾನ್ಯವಾಗಿ ಸದಸ್ಯರೆಂಬವರೇ ಇರುವುದಿಲ್ಲ. ಒಬ್ಬ ಟ್ರಸ್ಟಿ ತೀರಿಕೊಂಡರೆ ಉಳಿದವರು ಸೇರಿ ಇನ್ನೊಬ್ಬರನ್ನು ತೆಗೆದುಕೊಳ್ಳುತ್ತಾರೆ, ಡೀಡ್‌ನಲ್ಲಿ ಬರೆಯದ ಹೊರತು ಭಕ್ತರಿಗೆ ಮತವಿಲ್ಲ. ಹಳೆಯ ದೇವಸ್ಥಾನಗಳಿಗೆ ಸಿವಿಲ್ ನ್ಯಾಯಾಲಯವೇ ಒಂದು ಆಡಳಿತ ಯೋಜನೆ ಮಾಡಿಕೊಟ್ಟಿರುತ್ತದೆ. ವಕೀಲರು ಅದಕ್ಕೆ ‘ಸ್ಕೀಮ್ ಡಿಕ್ರಿ’ ಎನ್ನುತ್ತಾರೆ, ಚುನಾವಣೆಯ ವಿಧಾನ ಅದರಲ್ಲೇ ಇರಬಹುದು. ಮುಜರಾಯಿ ಪಟ್ಟಿಯಲ್ಲಿರುವ ದೇವಸ್ಥಾನಕ್ಕೆ 1997ರ ಕಾಯ್ದೆ. ನಿಮ್ಮದು ಇವು ಮೂರೂ ಅಲ್ಲ. ಅದು 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯ ಕೆಳಗಿನ ಸಂಘ, ಅದರ ಸಂವಿಧಾನವೆಂದರೆ ನಿಮ್ಮ ಸಂಘದ ನಿಯಮಾವಳಿ. ಪಕ್ಕದ ದೇವಸ್ಥಾನದ ಮೇಲೆ ಬಂದ ತೀರ್ಪನ್ನು ತಂದು ನಿಮ್ಮದಕ್ಕೆ ಅಂಟಿಸಲು ಹೊರಟವರಿಗೆ ಮೊದಲು ಈ ವ್ಯತ್ಯಾಸ ಹೇಳಿ.

ದೇವಸ್ಥಾನಕ್ಕೆ ಚುನಾವಣೆಯೇ ಒಂದು ಹೊಸ ಕಾಲದ ರೋಗ ಅನ್ನುವವರೂ ಇದ್ದಾರೆ. ಅದು ಸರಿಯಲ್ಲ. ಬ್ರಿಟಿಷ್ ಸರ್ಕಾರ ದೇವಸ್ಥಾನಗಳ ಉಸ್ತುವಾರಿಯಿಂದ ಕೈ ತೊಳೆದುಕೊಳ್ಳಲು 1863ರಲ್ಲಿ ಒಂದು ಧಾರ್ಮಿಕ ದತ್ತಿ ಕಾಯ್ದೆ ಮಾಡಿತು. ಮೇಲ್ವಿಚಾರಣಾ ಸಮಿತಿಯಲ್ಲಿ ಸ್ಥಾನ ತೆರವಾದರೆ ಆ ದೇವಸ್ಥಾನದಲ್ಲಿ ‘ಹಿತಾಸಕ್ತಿ ಉಳ್ಳವರು’ ಚುನಾವಣೆಯಿಂದ ತುಂಬಬೇಕು ಎಂದು ಅದರಲ್ಲೇ ಇತ್ತು. ಹಿತಾಸಕ್ತಿ ಉಳ್ಳವರು ಯಾರು ಎಂಬ ಜಗಳವೂ ಅಂದೇ ಹುಟ್ಟಿಕೊಂಡಿತು. ನಿಮ್ಮ ಬಡಾವಣೆಯ ಜಗಳ ಅದರ ಮೊಮ್ಮಗ.

ಈಗ ಕೆಲಸಕ್ಕೆ ಬರೋಣ. ನಾಳೆಯೇ ಜಿಲ್ಲಾ ಸಂಘಗಳ ನೋಂದಣಾಧಿಕಾರಿ ಕಚೇರಿಗೆ ಹೋಗಿ ಮೂರು ಬಗೆಯ ದೃಢೀಕೃತ ಪ್ರತಿಗಳಿಗೆ ಅರ್ಜಿ ಕೊಡಿ. ನೋಂದಣಿಯ ಸಮಯದ ಮೂಲ ನಿಯಮಾವಳಿ. ಅದಕ್ಕೆ ಆದ ಎಲ್ಲ ತಿದ್ದುಪಡಿಗಳು. ಪ್ರತಿವರ್ಷ ಸಂಘ ಅಲ್ಲಿ ಸಲ್ಲಿಸಬೇಕಾದ ಆಡಳಿತ ಮಂಡಳಿಯ ಪಟ್ಟಿ ಮತ್ತು ಲೆಕ್ಕಪತ್ರ. ಮಾಹಿತಿ ಹಕ್ಕಿನ ಅರ್ಜಿ ಹಾಕಿದರೆ ಉತ್ತರಕ್ಕೆ ಮೂವತ್ತು ದಿನದ ಅವಕಾಶವಿದೆ, ಅಷ್ಟರಲ್ಲಿ ಎಣಿಕೆಯೂ ಮುಗಿದಿರುತ್ತದೆ. ಶುಲ್ಕ ಕಟ್ಟಿ ದೃಢೀಕೃತ ಪ್ರತಿ ಪಡೆಯುವುದೇ ಬೇಗ. ಮಾಹಿತಿ ಹಕ್ಕಿನ ಅರ್ಜಿಯನ್ನೂ ಪಕ್ಕದಲ್ಲಿ ಹಾಕಿಡಿ, ಮುಂದೆ ಬೇಕಾಗುತ್ತದೆ. ಸರ್ಕಾರದ ಗಣನೀಯ ಹಣವಿಲ್ಲದ ಸಹಕಾರ ಸಂಘ ತಾನೇ ಮಾಹಿತಿ ಕೊಡಬೇಕಾಗಿಲ್ಲವಾದರೂ ರಿಜಿಸ್ಟ್ರಾರ್ ಕಾನೂನಿನಂತೆ ಪಡೆಯಬಹುದಾದ ಮಾಹಿತಿಯನ್ನು ಜನ ಕೇಳಬಹುದು ಎಂದು ಸುಪ್ರೀಂ ಕೋರ್ಟ್ 2013ರಲ್ಲಿ ಕೇರಳದ ತಲಪ್ಪಾಲಂ ಸಹಕಾರಿ ಬ್ಯಾಂಕಿನ ಪ್ರಕರಣದಲ್ಲಿ ಹೇಳಿದೆ. ಅದೇ ತರ್ಕ ನಿಮಗೂ ಅನ್ವಯವಾಗುತ್ತದೆ ಎಂದು ವಾದಿಸಬಹುದು.

ಕಾಗದ ಕೈಗೆ ಬಂದ ಮೇಲೆ ನಿಮ್ಮ ತಂದೆಯವರ ಹೆಸರಿನ ವಿಚಾರ. ಇಲ್ಲಿ ಎರಡು ಸಂಗತಿಗಳನ್ನು ಬೇರೆ ಬೇರೆಯಾಗಿ ಹಿಡಿಯಬೇಕು, ಹೆಚ್ಚಿನವರು ಇಲ್ಲೇ ಎಡವುತ್ತಾರೆ. ಚಂದಾ ಮೂರು ತಿಂಗಳಿಗಿಂತ ಹೆಚ್ಚು ಬಾಕಿ ಇಟ್ಟವರಿಗೆ ಆ ಹೊತ್ತಿಗೆ ಮತದ ಹಕ್ಕಿಲ್ಲ ಎಂಬ ನಿಯಮ 1860ರ ಕೇಂದ್ರ ಕಾಯ್ದೆಯಿಂದ ಬಂದದ್ದು, ನಮ್ಮ ರಾಜ್ಯದ ಕಾಯ್ದೆಯಲ್ಲೂ ಅದೇ ಮಾತಿದೆ. ಹಾಗಾಗಿ ಬಾಕಿ ನಿಜವಾಗಿದ್ದರೆ ‘ನಾನು ಸ್ಥಾಪಕ’ ಎಂಬ ಮಾತಿನಿಂದ ಮತ ಸಿಗುವುದಿಲ್ಲ. ತಂದೆಯವರಿಗೆ ಇದು ನೋವಾಗುತ್ತದೆ ಎಂದು ಗೊತ್ತು. ಇಟ್ಟಿಗೆ ಹೊತ್ತು ಕಟ್ಟಿದವರಿಗೆ ರಶೀದಿ ತೋರಿಸಿ ಎಂದರೆ ಯಾರಿಗಾದರೂ ನೋವೇ. ಆದರೆ ನಿಯಮಾವಳಿಯಲ್ಲಿ ಸ್ಥಾಪಕರಿಗೆ ಪ್ರತ್ಯೇಕ ಹಕ್ಕು ಬರೆಯದಿದ್ದರೆ ನ್ಯಾಯಾಲಯ ಅದನ್ನು ಹುಟ್ಟಿಸಿ ಕೊಡುವುದಿಲ್ಲ. ಮತದ ಹಕ್ಕು ಸಹಜವಾಗಿ ಇರುವ ಹಕ್ಕಲ್ಲ, ಕಾನೂನು ಕೊಟ್ಟಷ್ಟೇ ಎಂದು ಸುಪ್ರೀಂ ಕೋರ್ಟ್ 1982ರಲ್ಲೇ ಜ್ಯೋತಿ ಬಸು ಪ್ರಕರಣದಲ್ಲಿ ಹೇಳಿತ್ತು. ಸಂಘದ ಸದಸ್ಯನ ಮತ ಆ ಸಂಘದ ನಿಯಮಗಳಿಗೆ ಒಳಪಟ್ಟದ್ದು ಎಂಬ ಮಾತು 2011ರಲ್ಲಿ ಸುಪ್ರೀಂ ಕೋರ್ಟ್ ವಕೀಲರ ಸಂಘದ್ದೇ ಚುನಾವಣೆಯ ತೀರ್ಪಿನಲ್ಲಿ ಬಂತು.

ಆದರೆ ‘ಈ ಸಲ ಮತವಿಲ್ಲ’ ಅನ್ನುವುದು ಬೇರೆ, ಪುಸ್ತಕದಿಂದ ಹೆಸರನ್ನೇ ಹೊಡೆದುಹಾಕುವುದು ಬೇರೆ. ಎರಡನೆಯದು ಸದಸ್ಯತ್ವದಿಂದ ಹೊರಹಾಕಿದಂತೆ. ಬೆಳಗಾವಿಯ ಒಂದು ಮೇಸನಿಕ್ ಲಾಡ್ಜಿನಿಂದ, ಅಂದರೆ ಫ್ರೀಮೇಸನ್ನರ ಸಂಘದ ಶಾಖೆಯಿಂದ, ಹೊರಹಾಕಲ್ಪಟ್ಟ ಸದಸ್ಯರೊಬ್ಬರ ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಗಿತ್ತು. ಹೊರಹಾಕುವ ಅಧಿಕಾರ ನಿಯಮದಲ್ಲಿ ಬರೆದಂತೆಯೇ ನಡೆಯಬೇಕು, ಪ್ರಾಮಾಣಿಕವಾಗಿ ನಡೆಯಬೇಕು, ಆ ವ್ಯಕ್ತಿಗೆ ತನ್ನ ಮಾತು ಹೇಳಲು ಅವಕಾಶ ಸಿಗಬೇಕು ಎಂಬ ಅಳತೆಗೋಲನ್ನು ಆ ತೀರ್ಪು ಕೊಟ್ಟಿತು. 1963ರ ತೀರ್ಪು ವರದಿಗಳಲ್ಲಿ ಟಿ.ಪಿ. ದಾವರ್ ಪ್ರಕರಣವೆಂದು ಸಿಗುತ್ತದೆ. ಅಲ್ಲಿ ಆ ಸದಸ್ಯರು ಸೋತರು, ಏಕೆಂದರೆ ಲಾಡ್ಜ್ ಈ ಹೆಜ್ಜೆಗಳನ್ನೆಲ್ಲ ಇಟ್ಟಿತ್ತು. ನಿಮ್ಮ ಸಮಿತಿ ಇಟ್ಟಿದೆಯೇ? 62 ಜನಕ್ಕೂ ಬಾಕಿಯ ನೋಟಿಸ್ ಹೋಗಿತ್ತೇ? ಮಂಡಳಿಯ ಠರಾವಿದೆಯೇ? ಒಂಬತ್ತು ವರ್ಷ ಯಾರ ಹತ್ತಿರವೂ ಚಂದಾ ಕೇಳದೆ ಇದ್ದು, ಈಗ ಆ 62 ಜನರ ಬಾಕಿಯನ್ನು ಮಾತ್ರ ಎತ್ತಿ ಹಿಡಿದಿದ್ದರೆ, ಉಳಿದ 205 ಜನರ ರಶೀದಿ ಎಲ್ಲಿ ಎಂದು ಕೇಳುವುದೇ ನಿಮ್ಮ ಬಲವಾದ ವಾದ.

ಬಾಕಿಯನ್ನು ಇಂದೇ ಕಟ್ಟಿ. ಸಂಘದ ಬ್ಯಾಂಕ್ ಖಾತೆಗೆ ಪ್ರತಿಯೊಬ್ಬರೂ ತಮ್ಮ ತಮ್ಮ ಖಾತೆಯಿಂದ ವರ್ಗಾಯಿಸಲಿ, ಯಾವ ವರ್ಷದ ಚಂದಾ ಎಂದು ಷರಾದಲ್ಲಿ ಬರೆಯಲಿ. ಒಬ್ಬರೇ 62 ಜನರ ಪರವಾಗಿ ಕಂತೆ ಹಣ ಕಟ್ಟಬೇಡಿ, ನಾಳೆ ಅದೇ ನಿಮ್ಮ ಮೇಲೆ ಆರೋಪವಾಗುತ್ತದೆ. ಜೊತೆಗೆ ಒಂದು ಪತ್ರ ಸ್ಪೀಡ್ ಪೋಸ್ಟಿನಲ್ಲಿ ಹೋಗಲಿ: ಬಾಕಿ ಇದೆಯೆಂದು ನಮಗೆ ಯಾರೂ ತಿಳಿಸಿಲ್ಲ, ತಿಳಿದ ಕೂಡಲೇ ಕಟ್ಟಿದ್ದೇವೆ, ಹೆಸರು ಸೇರಿಸಿ. ಹಣ ವಾಪಸ್ ಕಳಿಸಿದರೂ ಒಳ್ಳೆಯದೇ, ವಾಪಸಾದ ನಮೂದು ನಿಮ್ಮ ಸಾಕ್ಷಿ.

ಇನ್ನು 140 ಹೊಸಬರು. ಹೊಸಬರು ಸೇರುವುದೇ ತಪ್ಪಲ್ಲ. ಬಡಾವಣೆ ಬೆಳೆದಿದೆ, ಅಪಾರ್ಟ್‌ಮೆಂಟುಗಳು ಎದ್ದಿವೆ, ಆ ಮನೆಗಳ ಜನ ದಿನಾ ಬಂದು ಕೈ ಮುಗಿಯುತ್ತಾರೆ. ‘ನಾವು ಹಳಬರು, ಅವರು ಬಂದವರು’ ಎಂಬ ಧಾಟಿಯಲ್ಲಿ ನಿಮ್ಮ ಅರ್ಜಿ ಬರೆದರೆ ನ್ಯಾಯಾಧೀಶರ ಸಹಾನುಭೂತಿ ಮೊದಲ ಪುಟದಲ್ಲೇ ಹೋಗುತ್ತದೆ. ನನ್ನ ಸಹಾನುಭೂತಿಯೂ ಹೋಗುತ್ತದೆ. ಕೇಳಬೇಕಾದ ಪ್ರಶ್ನೆ ಇದು: ಅವರನ್ನು ಸೇರಿಸಿದವರು ಯಾರು, ಯಾವ ಅಧಿಕಾರದಿಂದ? ಮೂರು ವರ್ಷಕ್ಕೆ ಆರಿಸಿ ಬಂದ ಮಂಡಳಿಯ ಅವಧಿ ಆರು ವರ್ಷದ ಹಿಂದೆಯೇ ಮುಗಿದಿದೆ. ದೀಪ ಆರಬಾರದು, ಅರ್ಚಕರ ಸಂಬಳ ನಿಲ್ಲಬಾರದು, ಹೊಸ ಚುನಾವಣೆ ನಡೆಯಬೇಕು ಎಂಬಷ್ಟರ ಮಟ್ಟಿಗೆ ಅವರು ಮುಂದುವರಿಯಬಹುದು. ತಮ್ಮನ್ನು ಆರಿಸುವ ಮತದಾರರನ್ನೇ ತಾವು ಆರಿಸಿಕೊಳ್ಳುವ ಅಧಿಕಾರ ಅವಧಿ ಮುಗಿದವರಿಗೆ ಎಲ್ಲಿಂದ ಬಂತು ಎಂದು ನಾನಾದರೆ ವಾದಿಸುತ್ತೇನೆ.

ಪುಸ್ತಕ ನೋಡುವುದು ಅಂದೆನಲ್ಲ, ಹೇಗೆ ನೋಡಬೇಕು ಎಂದು ಒಂದು ಉದಾಹರಣೆ ಹೇಳುತ್ತೇನೆ. ಕೆಲವು ವರ್ಷದ ಹಿಂದೆ ಒಂದು ಸಣ್ಣ ಊರಿನ ದೇವಸ್ಥಾನದ ದಾವೆಯಲ್ಲಿ ಸದಸ್ಯರ ಪುಸ್ತಕವನ್ನು ನ್ಯಾಯಾಲಯಕ್ಕೆ ತರಿಸಿದೆವು. ಕೆಂಪು ಬಟ್ಟೆಯ ರಟ್ಟು, ಅಂಚಿನಲ್ಲಿ ಅರಿಶಿನ ಕುಂಕುಮದ ಕಲೆ, ಮೊದಲ ಪುಟದಲ್ಲಿ ಶ್ರೀಕಾರ. ಹಳೆಯ ಪುಟಗಳಲ್ಲಿ ನೀಲಿ ಶಾಯಿ ಮಾಸಿ ನೇರಳೆ ಬಣ್ಣಕ್ಕೆ ತಿರುಗಿತ್ತು, ಪ್ರತಿ ಹೆಸರಿನ ಮುಂದೆ ಬೇರೆ ಬೇರೆ ಕೈಯ ಸಹಿ. ನಡುವೆ ಎರಡು ಪುಟಗಳಲ್ಲಿ 38 ಹೆಸರು, ಒಂದೇ ಕೈಬರಹ, ಹೊಳೆಯುವ ಕಪ್ಪು ಜೆಲ್ ಪೆನ್ನು, ದಿನಾಂಕಗಳು ಮಾತ್ರ ನಾಲ್ಕು ಬೇರೆ ಬೇರೆ ಹಳೆಯ ವರ್ಷಗಳದ್ದು. ನಾನು ಶಾಯಿಯ ಮಾತು ಎತ್ತಲೇ ಇಲ್ಲ. ಕಾರ್ಯದರ್ಶಿಯವರಿಗೆ ಆ 38 ಜನ ಚಂದಾ ಕಟ್ಟಿದ ರಶೀದಿ ಪುಸ್ತಕದ ಅಡಿಪ್ರತಿ ತನ್ನಿ ಎಂದಷ್ಟೇ ಕೇಳಿದೆ. ತಂದರು. ಆ ರಶೀದಿಗಳ ಕ್ರಮಸಂಖ್ಯೆ ಹಿಂದಿನ ತಿಂಗಳ ಮಂಗಳಾರತಿ ಸೇವೆಯ ರಶೀದಿಗಳ ನಡುವೆ ಬಂದು ಕೂತಿತ್ತು. ಅವರ ವಕೀಲರು ಮಧ್ಯಾಹ್ನದ ಮೇಲೆ ರಾಜಿಗೆ ಬಂದರು. ಹಾಗಾಗಿ ನಿಮ್ಮ ಅರ್ಜಿಯಲ್ಲಿ ಸದಸ್ಯರ ಪುಸ್ತಕ, ನಡಾವಳಿ ಪುಸ್ತಕ, ರಶೀದಿ ಪುಸ್ತಕದ ಅಡಿಪ್ರತಿ ಈ ಮೂರನ್ನೂ ಹಾಜರುಪಡಿಸಲು ಕೇಳಿ. ಒಂದನ್ನು ತಿದ್ದಿದವರಿಗೆ ಉಳಿದೆರಡನ್ನೂ ಹೊಂದುವಂತೆ ತಿದ್ದುವುದು ಬಹಳ ಕಷ್ಟ.

ರಿಜಿಸ್ಟ್ರಾರ್ ಬಳಿ ದೂರು ಕೊಟ್ಟರೆ ಸಾಕೇ ಎಂಬುದಕ್ಕೆ ನೇರ ಉತ್ತರ: ಸಾಲದು. ಸಂಘಗಳ ನೋಂದಣಿ ಕಾಯ್ದೆಯ 25ನೆಯ ಕಲಮಿನಲ್ಲಿ ಸಂಘದ ವ್ಯವಹಾರದ ಮೇಲೆ ವಿಚಾರಣೆ ನಡೆಸುವ ಅಧಿಕಾರ ಅವರಿಗಿದೆ. ತಾವೇ ಮುಂದಾಗಿ ಮಾಡಬಹುದು, ಸದಸ್ಯರಲ್ಲಿ ಮೂರನೇ ಒಂದು ಭಾಗದಷ್ಟು ಜನ ಕೇಳಿದರೆ ಮಾಡಲೇಬೇಕು. ಲೆಕ್ಕದ ಗೋಲ್ಮಾಲ್ ಇದ್ದರೆ ಅದು ಒಳ್ಳೆಯ ದಾರಿ. ಒಂಬತ್ತು ವರ್ಷ ಚುನಾವಣೆ ಮಾಡದ ಸಂಘಕ್ಕೆ ಸರ್ಕಾರ 27-ಎ ಕಲಮಿನಂತೆ ಆಡಳಿತಾಧಿಕಾರಿಯನ್ನು ನೇಮಿಸುವುದೂ ಸಾಧ್ಯ. ಆದರೆ ಯಾರ ಮತ ಸಿಂಧು, ಯಾರು ಗೆದ್ದರು ಎಂದು ತೀರ್ಮಾನಿಸುವ ಅಧಿಕಾರ ರಿಜಿಸ್ಟ್ರಾರ್‌ಗೆ ಇಲ್ಲ, ಅದು ಸಿವಿಲ್ ನ್ಯಾಯಾಲಯದ ಕೆಲಸ ಎಂದು ನಮ್ಮ ಹೈಕೋರ್ಟ್ ಮತ್ತೆ ಮತ್ತೆ ಹೇಳಿದೆ. ಚುನಾವಣೆ ಮುಗಿದ ಮೇಲೆ ಹೊಸ ಮಂಡಳಿಯ ಪಟ್ಟಿ ಅವರ ಕಚೇರಿಯಲ್ಲಿ ದಾಖಲಾಯಿತು ಎಂದಮಾತ್ರಕ್ಕೆ ಆ ಚುನಾವಣೆಗೆ ಸಿಂಧುತ್ವದ ಮುದ್ರೆ ಬಿದ್ದಂತೆಯೂ ಅಲ್ಲ. ದೂರಿನ ಪ್ರತಿಯೊಂದನ್ನು ಕೊಟ್ಟು ಸ್ವೀಕೃತಿ ಪಡೆಯಿರಿ, ಅವರ ಉತ್ತರಕ್ಕಾಗಿ ಕಾಯುತ್ತಾ ಕೂರಬೇಡಿ. ಚುನಾವಣಾಧಿಕಾರಿಗೂ ಲಿಖಿತ ಆಕ್ಷೇಪಣೆ ಈ ವಾರವೇ ಹೋಗಬೇಕು. ಅದಿಲ್ಲದೆ ಕೋರ್ಟಿಗೆ ಹೋದರೆ ‘ಮೊದಲು ಅಲ್ಲಿ ಕೇಳಿದಿರಾ’ ಎಂಬ ಪ್ರಶ್ನೆಗೆ ನಿಮ್ಮ ವಕೀಲರು ತಲೆ ತಗ್ಗಿಸಬೇಕಾಗುತ್ತದೆ.

ಈಗ ಮುಖ್ಯ ವಿಷಯ, ಸ್ಟೇ. ನನ್ನ ಸಲಹೆ ನಿಮ್ಮ ಗೆಳೆಯರಿಗೆ ಹಿಡಿಸಲಿಕ್ಕಿಲ್ಲ: ಚುನಾವಣೆ ನಿಲ್ಲಿಸಿ ಎಂದು ಕೇಳಬೇಡಿ. ಚುನಾವಣೆಯ ಪ್ರಕ್ರಿಯೆ ಶುರುವಾದ ಮೇಲೆ ನ್ಯಾಯಾಲಯಗಳು ನಡುವೆ ಕೈ ಹಾಕಲು ಹಿಂಜರಿಯುತ್ತವೆ. ವಿಧಾನಸಭೆಯ ಚುನಾವಣೆಗಾಗಿ 1952ರ ಪೊನ್ನುಸ್ವಾಮಿ ತೀರ್ಪಿನಲ್ಲಿ ಬಂದ ಈ ತತ್ವವನ್ನು 2001ರಲ್ಲಿ ಮಹಾರಾಷ್ಟ್ರದ ಒಂದು ಹಾಲು ಉತ್ಪಾದಕರ ಸಹಕಾರ ಸಂಘದ ಮತದಾರರ ಪಟ್ಟಿಯ ಪ್ರಕರಣದಲ್ಲೂ ಸುಪ್ರೀಂ ಕೋರ್ಟ್ ಅನುಸರಿಸಿತು. ಅವೆರಡೂ ಪ್ರತ್ಯೇಕ ಕಾನೂನಿನ ಚುನಾವಣೆಗಳು, ನಿಮ್ಮದು ಹಾಗಲ್ಲ, ಸ್ಟೇ ಸಿಗುವುದೇ ಇಲ್ಲ ಎಂದೇನೂ ಅಲ್ಲ. ಆದರೆ ಸಿಕ್ಕರೆ ಏನಾಗುತ್ತದೆ ಯೋಚಿಸಿ. ಒಂಬತ್ತು ವರ್ಷ ಕುರ್ಚಿ ಬಿಡದವರಿಗೆ ಹತ್ತನೆಯ ವರ್ಷವನ್ನು ನೀವೇ ಕೋರ್ಟಿನ ಆದೇಶದ ಜೊತೆ ಕೊಟ್ಟಂತಾಗುತ್ತದೆ. ಚುನಾವಣೆ ಬೇಕು ಎಂದು ಹೋರಾಡಿದವರೇ ಚುನಾವಣೆ ತಡೆದರು ಎಂದು ಅವರು ಬೋರ್ಡ್ ಬರೆಸುತ್ತಾರೆ.

ಬದಲಿಗೆ ಘೋಷಣೆ ಮತ್ತು ನಿರ್ಬಂಧಕಾಜ್ಞೆ ಕೋರಿ ಸಿಟಿ ಸಿವಿಲ್ ಕೋರ್ಟಿನಲ್ಲಿ ದಾವೆ ಹೂಡಿ, ಮಧ್ಯಂತರ ಅರ್ಜಿಯಲ್ಲಿ ಹೀಗೆ ಕೇಳಿ. ಚುನಾವಣೆ ನಿಗದಿತ ದಿನವೇ ನಡೆಯಲಿ. ನ್ಯಾಯಾಲಯ ನೇಮಿಸುವ ಒಬ್ಬ ವಕೀಲರು ಕಮಿಷನರ್ ಆಗಿ ಹಾಜರಿರಲಿ. ವಿವಾದವಿಲ್ಲದ 205 ಜನ ಒಂದು ಪೆಟ್ಟಿಗೆಗೆ ಮತ ಹಾಕಲಿ, ತೆಗೆದುಹಾಕಲಾದ 62 ಜನ ಎರಡನೆಯ ಪೆಟ್ಟಿಗೆಗೆ, ಹೊಸ 140 ಜನ ಮೂರನೆಯ ಪೆಟ್ಟಿಗೆಗೆ. ಮೂರನ್ನೂ ಬೇರೆ ಬೇರೆಯಾಗಿ ಎಣಿಸಿ ಮೂರು ಅಂಕಣಗಳಲ್ಲಿ ಬರೆದು ಮೊಹರು ಮಾಡಿದ ಲಕೋಟೆಯಲ್ಲಿ ಕೋರ್ಟಿಗೆ ಸಲ್ಲಿಸಲಿ. ಫಲಿತಾಂಶ ದಾವೆಯ ತೀರ್ಮಾನಕ್ಕೆ ಒಳಪಟ್ಟಿರಲಿ. ಇದರಿಂದ ಯಾರಿಗೂ ತುಂಬಲಾಗದ ನಷ್ಟವಿಲ್ಲ, ಅನುಕೂಲದ ತಕ್ಕಡಿ ಎರಡೂ ಕಡೆ ಸಮ, ಹಾಗಾಗಿ ನ್ಯಾಯಾಧೀಶರಿಗೆ ಇಲ್ಲ ಅನ್ನಲು ಕಾರಣ ಕಡಿಮೆ. ಲಕೋಟೆ ಒಡೆದಾಗ ಬಹಳ ಸಲ ಜಗಳವೇ ಕುಗ್ಗುತ್ತದೆ. ಮೊದಲ ಅಂಕಣದಿಂದ ಗೆದ್ದ ಹನ್ನೊಂದು ಜನರೇ ಉಳಿದವನ್ನು ಕೂಡಿಸಿದರೂ ಗೆದ್ದಿದ್ದರೆ ದಾವೆಯಲ್ಲಿ ತೀರ್ಮಾನಿಸಲು ಏನೂ ಉಳಿಯುವುದಿಲ್ಲ. ಮೂರು ಸ್ಥಾನಗಳಷ್ಟೇ ಬದಲಾದರೆ ಆ ಮೂರರ ಮೇಲೆ ವಾದ ನಡೆಯುತ್ತದೆ, ಎಂಟು ಜನ ಅಂದೇ ಕೆಲಸ ಶುರು ಮಾಡಬಹುದು.

ದಾವೆ ಹೂಡುವಾಗ ಒಂದು ಗುಂಡಿ ಇದೆ, ಹೊಸ ವಕೀಲರೂ ಬೀಳುತ್ತಾರೆ. ಎಲ್ಲರನ್ನೂ ಸೇರಿಸೋಣ ಎಂದು ರಿಜಿಸ್ಟ್ರಾರ್ ಅವರನ್ನೂ ಪ್ರತಿವಾದಿ ಮಾಡಿದರೆ, ಸರ್ಕಾರಿ ಅಧಿಕಾರಿಯ ಮೇಲಿನ ದಾವೆಯಾಗಿ ಸಿವಿಲ್ ಪ್ರಕ್ರಿಯಾ ಸಂಹಿತೆಯ 80ನೆಯ ಕಲಮಿನ ಎರಡು ತಿಂಗಳ ನೋಟಿಸ್ ಪ್ರಶ್ನೆ ಎದುರಾಗುತ್ತದೆ. ತುರ್ತಿದ್ದರೆ ನ್ಯಾಯಾಲಯದ ಅನುಮತಿ ಪಡೆದು ದಾಟಬಹುದು, ಆದರೆ ಹದಿನೆಂಟು ದಿನದಲ್ಲಿ ಒಂದೆರಡು ದಿನ ಅದಕ್ಕೇ ಹೋಗುತ್ತದೆ. ಅವರ ವಿರುದ್ಧ ಪರಿಹಾರ ಬೇಕಿಲ್ಲದಿದ್ದರೆ ಅವರನ್ನು ಬಿಡಿ. 62 ಜನರೂ ವಾದಿಗಳಾಗಬೇಕಿಲ್ಲ. ಒಂದೇ ಹಿತಾಸಕ್ತಿಯ ಅನೇಕರ ಪರವಾಗಿ ಕೆಲವರು ದಾವೆ ಹೂಡಲು ಆದೇಶ 1 ನಿಯಮ 8ರಲ್ಲಿ ಅನುಮತಿ ಕೇಳಬಹುದು. 140 ಹೊಸಬರ ಮತವನ್ನು ಪ್ರಶ್ನಿಸುತ್ತಿರುವುದರಿಂದ ಅವರ ಪರವಾಗಿಯೂ ಕೆಲವರನ್ನು ಅದೇ ನಿಯಮದಂತೆ ಪ್ರತಿವಾದಿಗಳನ್ನಾಗಿ ತರಬೇಕು, ಅವರ ಮಾತು ಕೇಳದೆ ಯಾವ ಆದೇಶವೂ ನಿಲ್ಲುವುದಿಲ್ಲ. ಎದುರು ಪಕ್ಷ ಈಗಾಗಲೇ ಕೇವಿಯಟ್ ಹಾಕಿರಬಹುದು, ಅದು ತೊಂಬತ್ತು ದಿನ ಜೀವಂತ. ಹಾಗಿದ್ದರೆ ಅವರನ್ನು ಕೇಳದೆ ಆದೇಶ ಸಿಗುವುದಿಲ್ಲ, ಆದ್ದರಿಂದ ಮತದಾನದ ಹಿಂದಿನ ದಿನ ಓಡಿಹೋಗುವ ಲೆಕ್ಕ ಇಟ್ಟುಕೊಳ್ಳಬೇಡಿ. ಮುಂದಿನ ವಾರದ ಮಧ್ಯದೊಳಗೆ ದಾವೆ ದಾಖಲಾಗಿರಬೇಕು.

ನಿಮ್ಮಲ್ಲೊಬ್ಬರು ಸಿವಿಲ್ ಪ್ರಕ್ರಿಯಾ ಸಂಹಿತೆಯ 92ನೆಯ ಕಲಮಿನ ದಾವೆ ಹಾಕೋಣ ಅಂದಿದ್ದಾರಂತೆ. ಅದು ದೊಡ್ಡ ಆಯುಧ. ಸಾರ್ವಜನಿಕ ಧಾರ್ಮಿಕ ದತ್ತಿಯಲ್ಲಿ ಹಿತಾಸಕ್ತಿ ಇರುವ ಇಬ್ಬರು ಅಥವಾ ಹೆಚ್ಚು ಜನ ನ್ಯಾಯಾಲಯದ ಅನುಮತಿ ಪಡೆದು ಧರ್ಮದರ್ಶಿಗಳನ್ನು ತೆಗೆಯಲು, ಲೆಕ್ಕ ಕೇಳಲು, ಹೊಸ ಆಡಳಿತ ಯೋಜನೆ ಮಾಡಿಸಲು ಹೂಡುವ ದಾವೆ. 1976ರ ತಿದ್ದುಪಡಿಗೆ ಮುಂಚೆ ಇದಕ್ಕೆ ಅಡ್ವೊಕೇಟ್ ಜನರಲ್ ಅವರ ಒಪ್ಪಿಗೆ ಬೇಕಿತ್ತು. ಅನುಮತಿ ಕೊಡುವ ಮೊದಲು ಎದುರಿನವರಿಗೆ ನೋಟಿಸ್ ಕೊಡುವುದು ಒಳ್ಳೆಯದು ಎಂದು ಸುಪ್ರೀಂ ಕೋರ್ಟ್ ನಾರಾಯಣ ಚೆಟ್ಟಿಯಾರ್ ಪ್ರಕರಣದಲ್ಲಿ ಹೇಳಿರುವುದರಿಂದ ಆರಂಭದಲ್ಲೇ ವಾರಗಳು ಹಿಡಿಯುತ್ತವೆ. ಅಲ್ಲದೆ ಸ್ವಂತ ಹಕ್ಕಿನ ಜಗಳಕ್ಕೆ ಈ ಕಲಮು ಅಲ್ಲ ಎಂದು 1974ರಲ್ಲೇ ಸ್ವಾಮಿ ಪರಮಾತ್ಮಾನಂದ ಸರಸ್ವತಿ ಪ್ರಕರಣದಲ್ಲಿ ತೀರ್ಮಾನವಾಗಿದೆ. ‘ನನಗೆ ಮತ ಬೇಕು’ ಎಂಬುದು ಸ್ವಂತ ಹಕ್ಕು. ‘ಒಂಬತ್ತು ವರ್ಷದ ಹುಂಡಿಯ ಲೆಕ್ಕ ಬೇಕು’ ಎಂಬುದು ದೇವಸ್ಥಾನದ ಹಿತ. ಎರಡನ್ನೂ ಒಂದೇ ಕಾಗದದಲ್ಲಿ ಕಲಸಬೇಡಿ. ಲೆಕ್ಕದಲ್ಲಿ ನಿಜಕ್ಕೂ ಹುಳುಕು ಕಂಡರೆ ಚುನಾವಣೆಯ ಗದ್ದಲ ಮುಗಿದ ಮೇಲೆ 92ರ ಯೋಚನೆ ಮಾಡೋಣ. ಆಗ ನಿಮ್ಮ ಬೆನ್ನಿಗೆ ದೇವಕಿನಂದನ್ ಪ್ರಕರಣದ ತೀರ್ಪಿದೆ: ಆಸ್ತಿ ದೇವರ ಹೆಸರಿನಲ್ಲಿದ್ದರೂ ಅದರ ನಿಜವಾದ ಫಲಾನುಭವಿಗಳು ಭಕ್ತರು ಎಂದು ಸುಪ್ರೀಂ ಕೋರ್ಟ್ 1956ರಲ್ಲಿ ಹೇಳಿತು. ಸದಸ್ಯರಲ್ಲದ ಭಕ್ತರಿಗೂ ಅದು ಬಲ ಕೊಡುತ್ತದೆ.

ಮುಜರಾಯಿಗೆ ಒಪ್ಪಿಸೋಣ ಅನ್ನುವವರು ಕೋಪದಲ್ಲಿ ಹೇಳುತ್ತಿದ್ದಾರೆ. 1997ರ ಧಾರ್ಮಿಕ ಸಂಸ್ಥೆಗಳ ಮತ್ತು ಧರ್ಮಾದಾಯ ದತ್ತಿಗಳ ಕಾಯ್ದೆಯಲ್ಲಿ ಒಂಬತ್ತು ಜನರ ವ್ಯವಸ್ಥಾಪನಾ ಸಮಿತಿ ಇದೆ. ಅದರಲ್ಲಿ ಅರ್ಚಕರು, ಪರಿಶಿಷ್ಟ ಜಾತಿ ಅಥವಾ ಪಂಗಡದ ಒಬ್ಬರು, ಇಬ್ಬರು ಮಹಿಳೆಯರು ಇರಬೇಕು. ಇವು ಒಳ್ಳೆಯ ನಿಯಮಗಳು, ನಿಮ್ಮ ಸಂಘದ ಹನ್ನೊಂದು ಜನರಲ್ಲಿ ಒಬ್ಬ ಮಹಿಳೆಯಾದರೂ ಎಂದಾದರೂ ಇದ್ದರೇ ಎಂದು ನಿಮ್ಮನ್ನೇ ಕೇಳಿಕೊಳ್ಳಿ. ಆದರೆ ಆ ಸಮಿತಿಯನ್ನು ಭಕ್ತರು ಮತ ಹಾಕಿ ಆರಿಸುವುದಿಲ್ಲ, ಅರ್ಜಿ ಕರೆದು ಪ್ರಾಧಿಕಾರ ರಚಿಸುತ್ತದೆ. ಮತಕ್ಕಾಗಿ ಹೋರಾಡುತ್ತಾ ಮತವೇ ಇಲ್ಲದ ವ್ಯವಸ್ಥೆಗೆ ಕೈ ಚಾಚಿದಂತಾಗುತ್ತದೆ. ಈ ಕಾಯ್ದೆಯನ್ನು ಹೈಕೋರ್ಟ್ 2006ರಲ್ಲಿ ಅಸಿಂಧು ಎಂದದ್ದು, ಸುಪ್ರೀಂ ಕೋರ್ಟಿನ ತಡೆಯಾಜ್ಞೆಯ ಮೇಲೆ ಅದು ಮುಂದುವರಿದದ್ದು ಕೂಡ ನೆನಪಿರಲಿ. ಚುನಾವಣೆ ಅಂದಕೂಡಲೇ ಭಕ್ತರ ಮತ ಎಂದೂ ಅರ್ಥವಲ್ಲ. ತಿರುವಾಂಕೂರು ದೇವಸ್ವಂ ಮಂಡಳಿಯ ಒಬ್ಬ ಸದಸ್ಯರನ್ನು ಕೇರಳ ವಿಧಾನಸಭೆಯ ಹಿಂದೂ ಶಾಸಕರು ಆರಿಸುತ್ತಾರೆ.

ಒಂಬತ್ತು ವರ್ಷ ನೀವೆಲ್ಲ ಏನು ಮಾಡುತ್ತಿದ್ದಿರಿ ಎಂಬ ಪ್ರಶ್ನೆ ನ್ಯಾಯಾಲಯದಲ್ಲಿ ಬಂದೇ ಬರುತ್ತದೆ, ಅದಕ್ಕೆ ಉತ್ತರ ಸಿದ್ಧವಾಗಿರಲಿ. ನ್ಯೂಯಾರ್ಕಿನ ಫ್ಲಷಿಂಗ್‌ನಲ್ಲಿ ಅಮೆರಿಕದ ಹಿಂದೂಗಳಿಗೆಲ್ಲ ಪರಿಚಿತವಾದ ಗಣೇಶ ದೇವಸ್ಥಾನವಿದೆ, ಅದನ್ನು ನಡೆಸುವ ಸಂಸ್ಥೆ ನೋಂದಣಿಯಾದದ್ದು 1970ರಲ್ಲಿ. ಆರಂಭದ ಬೈಲಾ ಪ್ರಕಾರ ಸದಸ್ಯರೇ ಟ್ರಸ್ಟಿಗಳನ್ನು ಆರಿಸಬೇಕು, ಚುನಾವಣೆ ನಡೆಸಿ ಎಂದು ಕೆಲವು ಭಕ್ತರು ದಶಕಗಳ ನಂತರ ಕೋರ್ಟಿಗೆ ಹೋದರು. 2008ರಲ್ಲಿ ಆ ರಾಜ್ಯದ ಅತ್ಯುನ್ನತ ನ್ಯಾಯಾಲಯ ಆ ಬೈಲಾವನ್ನು ಎಲ್ಲರೂ ಎಂದೋ ಕೈಬಿಟ್ಟಿದ್ದರು, ಈಗ ಅದನ್ನು ಹಿಡಿದು ಚುನಾವಣೆ ಕೇಳಲಾಗದು ಎಂದಿತು. ನಮ್ಮಲ್ಲಿ ನಿಯಮಾವಳಿ ರಿಜಿಸ್ಟ್ರಾರ್ ಕಚೇರಿಯಲ್ಲಿ ದಾಖಲಾಗಿರುವುದರಿಂದ ಅಷ್ಟು ಸುಲಭವಾಗಿ ಸಾಯುವುದಿಲ್ಲ, ಆದರೆ ಸುಮ್ಮನಿದ್ದವರಿಗೆ ಮಧ್ಯಂತರ ಆದೇಶ ಕೊಡಲು ನಮ್ಮ ನ್ಯಾಯಾಧೀಶರೂ ಯೋಚಿಸುತ್ತಾರೆ. ನಿಮ್ಮ ತಂದೆಯವರು ಈ ಹಿಂದೆ ಚುನಾವಣೆ ಯಾವಾಗ ಎಂದು ಕೇಳಿ ಬರೆದ ಒಂದೇ ಒಂದು ಪತ್ರ, ಒಂದು ಇಮೇಲ್, ವಾರ್ಷಿಕ ಸಭೆಯ ನಡಾವಳಿಯಲ್ಲಿ ಅವರು ಮಾತಾಡಿದ ಒಂದು ಸಾಲು ಇದ್ದರೂ ಹುಡುಕಿ ತೆಗೆಯಿರಿ.

ಕೊನೆಯದಾಗಿ ಪೂಜೆಯ ವಿಷಯ, ನನಗೆ ಎಲ್ಲಕ್ಕಿಂತ ಹೆಚ್ಚು ಆತಂಕ ಇದರ ಮೇಲೆ. ಎರಡು ಗುಂಪುಗಳು ಬ್ಯಾಂಕಿಗೆ ಎರಡು ಪತ್ರ ಬರೆದರೆ ಬ್ಯಾಂಕಿನವರು ಖಾತೆಯನ್ನೇ ತಡೆಹಿಡಿಯುತ್ತಾರೆ. ಒಂದು ದೇವಸ್ಥಾನದಲ್ಲಿ ಎರಡೂ ಕಡೆಯವರು ಎರಡು ಬೀಗ ಜಡಿದದ್ದನ್ನು ಕಣ್ಣಾರೆ ಕಂಡಿದ್ದೇನೆ. ಅರ್ಚಕರು ಮನೆಯಲ್ಲಿ ಮಾಡಿ ತಂದ ನೈವೇದ್ಯದ ತಟ್ಟೆಗೆ ಬಾಳೆಲೆ ಮುಚ್ಚಿಕೊಂಡು ಮಹಾದ್ವಾರದ ಮೆಟ್ಟಿಲ ಮೇಲೆ ಕೂತಿದ್ದರು. ಅವರಿಗೆ ನಾಲ್ಕು ತಿಂಗಳ ಸಂಬಳ ಬಂದಿರಲಿಲ್ಲ, ಆದರೆ ಅವರು ನನ್ನನ್ನು ಕೇಳಿದ್ದು ಬೀಗ ಎಷ್ಟು ಹೊತ್ತಿಗೆ ತೆಗೆಯುತ್ತಾರೆ ಎಂದು ಮಾತ್ರ. ಹಾಗಾಗಿ ಮೊದಲ ಅರ್ಜಿಯಲ್ಲೇ ಕೇಳಿ: ನಿತ್ಯಪೂಜೆ, ಅರ್ಚಕರು ಮತ್ತು ಪರಿಚಾರಕರ ಸಂಬಳ, ವಿದ್ಯುತ್ ಬಿಲ್ ಇವಿಷ್ಟಕ್ಕೆ ಖಾತೆಯಿಂದ ಹಣ ತೆಗೆಯಲು ಅವಕಾಶವಿರಲಿ, ಹುಂಡಿಯನ್ನು ಎರಡೂ ಕಡೆಯವರ ಎದುರು ಎಣಿಸಿ ಪಂಚನಾಮೆ ಮಾಡಲಿ, ಬೆಳ್ಳಿ ಕವಚ ಮತ್ತು ಒಡವೆಗಳ ಪಟ್ಟಿಯನ್ನು ಕಮಿಷನರ್ ಬರೆದುಕೊಳ್ಳಲಿ. ಈ ಕೋರಿಕೆಗೆ ಎದುರು ಪಕ್ಷವೂ ಸಾಮಾನ್ಯವಾಗಿ ಒಪ್ಪುತ್ತದೆ. ಹಾಗೆ ಒಂದು ವಿಷಯದಲ್ಲಿ ಒಪ್ಪಿದವರು ಮಧ್ಯಸ್ಥಿಕೆ ಕೇಂದ್ರದ ಮೇಜಿಗೂ ಬಂದು ಕೂತದ್ದನ್ನು ನೋಡಿದ್ದೇನೆ. ಬೆಂಗಳೂರಿನಲ್ಲಿ ಆ ಕೇಂದ್ರವಿದೆ, ನ್ಯಾಯಾಲಯವೇ ಅಲ್ಲಿಗೆ ಕಳಿಸಬಹುದು, ನೀವೂ ಕೇಳಬಹುದು.

ನಾಳೆ ನೋಂದಣಾಧಿಕಾರಿ ಕಚೇರಿಗೆ ಹೋಗುವಾಗ ಸಂಘದ ನೋಂದಣಿ ಸಂಖ್ಯೆ ಮತ್ತು ವರ್ಷ ಬರೆದುಕೊಂಡು ಹೋಗಿ, ಅದಿಲ್ಲದೆ ಹಳೆಯ ಕಡತ ಹುಡುಕುವುದು ಕಷ್ಟ. ತಂದೆಯವರ ಹತ್ತಿರ 1986ರ ಚಂದಾ ರಶೀದಿಯೋ, ಕುಂಭಾಭಿಷೇಕದ ಆಮಂತ್ರಣ ಪತ್ರಿಕೆಯೋ ಇದ್ದರೆ ಅದರ ಹಿಂದೆ ಮುಂದೆ ನೋಡಿ, ಸಂಖ್ಯೆ ಅಲ್ಲೇ ಅಚ್ಚಾಗಿರುತ್ತದೆ.